ಹೊಸಿಲ ಮೇಲೆ ಇಟ್ಟದ್ದು

ಬರ್ವಿಕ್ಕಿನ ರಸ್ತೆ ಇಲಾಖೆಯ ಮೂರನೇ ಮಹಡಿಯಲ್ಲಿ
ಹೀಟರು ಕೆಮ್ಮುವ ಮೂಲೆ ನನ್ನದು.
ಕಿಟಕಿಯಾಚೆ ಟ್ವೀಡ್ ನದಿ, ಅದರಾಚೆ ಕಡಲು,
ಕಡಲೊಳಗೊಂದು ಪುಟ್ಟ ದ್ವೀಪ. ಅಲ್ಲಿಗೆ ಒಂದೇ ದಾರಿ,
ದಿನಕ್ಕೆರಡು ಸಲ ಅದು ನೀರಿನಡಿ.
ಯಾವಾಗ ದಾಟಬಹುದು ಎಂದು ಹೇಳುವುದು
ಚಂದ್ರನಲ್ಲ, ಮೀನುಗಾರನಲ್ಲ,
ನಮ್ಮ ಸರ್ವರು.

ನೆವಿಲ್ ಫೆನಿಕ್ ಅದನ್ನು ಬರೆದ. ಹದಿನೇಳು ವರ್ಷ
ಒಬ್ಬನೇ ಬರೆದ. ಲೆಕ್ಕ ಒಂದೇ,
ಬರೆದದ್ದು ಆರು ಕಡೆ:
ಶಾಲೆಯ ಬಸ್ಸಿಗೊಂದು, ಆಂಬುಲೆನ್ಸಿಗೊಂದು, ರೇಡಿಯೊಕ್ಕೊಂದು,
ದಾರಿಯ ಬಾಯಲ್ಲಿ ನಿಂತ ಫಲಕಕ್ಕೊಂದು,
ಪಕ್ಕದ ಮನೆಯಿಂದ ಹೆಪ್ಪು ತಂದಂತೆ
ಒಂದರಿಂದ ಒಂದಕ್ಕೆ ಚಮಚ ಚಮಚ.
ಮೊದಲ ದಿನ ಎಲ್ಲ ಮನೆಯ ಮೊಸರೂ ಒಂದೇ ರುಚಿ.
ಆಮೇಲೆ ಯಾರ ಮನೆಯದು ಯಾವಾಗ ಹುಳಿಯಾಯಿತೋ
ಯಾರಿಗೆ ಗೊತ್ತು?

ಬೇಸಿಗೆಗೆ ಒಂದು ಗಂಟೆ ಮುಂದಿಡುವ ಸಾಲನ್ನು
ಐದರಲ್ಲಿ ತಿದ್ದಿದ್ದ. ಆರನೆಯದರಲ್ಲಿ
‘ಆಮೇಲೆ ನೋಡೋಣ’ ಅಂತ ಒಂದು ಟಿಪ್ಪಣಿ.
ಎರಡೂವರೆಗೆ ದಾರಿ ತೆರೆದಿದೆ ಎಂದಿತು ಫಲಕ.
ಅಂಚೆಯ ಮೊರೀನ್ ಡಾಡ್ಸ್ ಅದನ್ನು ನಂಬಿ
ಮಂಜಿನೊಳಗೆ ಕೆಂಪು ವ್ಯಾನು ಇಳಿಸಿದಳು.
ತಗ್ಗಿನಲ್ಲಿ ನೀರು ಇನ್ನೂ ಸೊಂಟದಷ್ಟಿತ್ತು.
ವ್ಯಾನಿನ ನೆತ್ತಿ ಹತ್ತಿ ಕೂತು
ಪತ್ರದ ಚೀಲ ತೊಡೆಯ ಮೇಲಿಟ್ಟುಕೊಂಡು
ನೀರಿಳಿಯುವವರೆಗೂ ಬೈದಳಂತೆ.
ಯಾರನ್ನು ಅಂತ ಅವಳಿಗೂ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು: ಇನ್ನೂರ ಹನ್ನೆರಡನೇ ಸಾಲನ್ನು.

ಮರುದಿನ ಹೊಸ ಫೈಲು ತೆರೆದೆ,
ಹೆಸರು ಉಬ್ಬರ.
ಫೈಲಿನೊಳಗೆ ಏನು ಬೇಯಿಸಿದರೂ ಹೊರಗೆ ಘಮ ಹೋಗದು.
ಹೊಸಿಲ ಮೇಲೆ ಇಟ್ಟದ್ದು ಮಾತ್ರ ಬೀದಿಗೆ ಕಾಣುವುದು,
ಎಕ್ಸ್‌ಪೋರ್ಟ್ಸ್ ಎಂಬ ಹೊಸಿಲು.
ಎರಡನ್ನೇ ಇಟ್ಟೆ: ತೆರೆಯುವ ಹೊತ್ತು, ಮುಚ್ಚುವ ಹೊತ್ತು.
ಆರೂ ಫೈಲಿನಲ್ಲಿ ಹಳೆಯ ಲೆಕ್ಕ ಅಳಿಸಿ
ರಿಕ್ವೈರ್ ಎಂದು ಬರೆದೆ, ಅಂದರೆ
ಬೇಕು, ಕೊಡು.

ಕೊಡಲಿಲ್ಲ.
ಹೆಸರಿನ ಮುಂದೆ ಚುಕ್ಕಿ, ಓರೆಗೆರೆ ಮರೆತಿದ್ದೆ.
ಚುಕ್ಕಿ ಎಂದರೆ ಇಲ್ಲೇ, ಇದೇ ಅಂಗಳದಲ್ಲಿ.
ಅದಿಲ್ಲದಿದ್ದರೆ ಯಂತ್ರ ಪಕ್ಕದಲ್ಲಿ ಕೂತವನನ್ನು ಬಿಟ್ಟು
ಊರೂರಿನ ಸರಕು ತುಂಬಿದ ಉಗ್ರಾಣ ತಡಕಿ
ಇಲ್ಲ ಎಂದು ಕೈಚೆಲ್ಲುತ್ತದೆ.

ಇಟ್ಟೆ ಚುಕ್ಕಿ. ಮತ್ತೆ ಓಡಿಸಿದರೆ
ಉಬ್ಬರ ಪಂಚಾಂಗವನ್ನು ಕೇಳುತ್ತಿದೆ,
ಪಂಚಾಂಗ ಉಬ್ಬರವನ್ನು ಕೇಳುತ್ತಿದೆ,
ಇನ್ನೂ ತುಂಬದ ಪಾತ್ರೆಯನ್ನೇ
ಒಬ್ಬರು ಇನ್ನೊಬ್ಬರ ಕೈಗೆ ದಾಟಿಸಿದ್ದಾರೆ.
ಜಗಳವಿಲ್ಲ, ಕೂಗಿಲ್ಲ; ಸುಮ್ಮನೆ ಖಾಲಿ.
ಸಂಸಾರ ಮಾಡಿದವರಿಗೆ ಈ ದೋಷ ಹೊಸದಲ್ಲ.
ಇಬ್ಬರಿಗೂ ಬೇಕಾದ್ದನ್ನು ಮೂರನೆಯ ಫೈಲಿಗೆ ಒಯ್ದಿಟ್ಟು
ಸಂಜೆ ಏಳಕ್ಕೆ ತಣ್ಣಗಾದ ಚಹಾ ಕುಡಿದೆ.

ಆಗ ಕಂಡದ್ದು:
ಹಳೆಯ ಆರೂ ಪ್ರತಿಗಳಲ್ಲಿ, ಒಂದೂ ತಪ್ಪದೆ,
ತೆರೆಯಲು ಹತ್ತು ಕೂಡು, ಮುಚ್ಚಲು ಹತ್ತು ಕಳೆ.
ಏಕೆ ಎಂದು ಒಂದಕ್ಷರವಿಲ್ಲ.
ನೆವಿಲ್‌ಗೆ ಫೋನು ಮಾಡಿದೆ.
ಆನಿಕ್ಕಿನಲ್ಲಿ ಈಗ ಸ್ಪರ್ಧೆಗೆಂದು ಲೀಕ್ ಬೆಳೆಯುತ್ತಾನೆ.
‘ಹತ್ತು ನಿಮಿಷವಾ? ಜನಕ್ಕೆ ಯಾವಾಗಲೂ ಅವಸರ,
ಇಲ್ಲಾ ತಡ’ ಎಂದ.
ಆಮೇಲೆ ಲೀಕಿನ ದಪ್ಪ ವರ್ಣಿಸತೊಡಗಿದ.
ಮೊರೀನ್ ವಿಷಯ ನಾನು ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಆ ಹತ್ತಕ್ಕೊಂದು ಹೆಸರಿಟ್ಟೆ: ಉಸಿರು.
ಹೊಸಿಲ ಮೇಲೆ ಇಡಲಿಲ್ಲ.
ಎಲ್ಲರಿಗೂ ಸಿಗಲಿ, ಯಾರ ಕೈಗೂ ಎಟುಕದಿರಲಿ.

ಮಾರ್ಚಿನ ಕೊನೆಯ ಭಾನುವಾರ, ಗಡಿಯಾರ ಮುಂದೆ ಹಾರಿದ ರಾತ್ರಿ
ಎದ್ದೇ ಕೂತಿದ್ದೆ. ಆರೂ ಕಡೆ ಒಂದೇ ಹೊತ್ತು.
ಸೋಮವಾರ ನೋಡಲು ಹೋದೆ.
ಫಲಕದ ಬಳಿ ಕೆಂಪು ವ್ಯಾನು, ಹೊಸದು.
ಮೊರೀನ್ ಫಲಕ ಓದಿದಳು, ಕೈಗಡಿಯಾರ ನೋಡಿದಳು,
ಕೆಳಗಿಳಿದು, ಬೂಟಿನ ತುದಿಯಿಂದ
ದಾರಿಯನ್ನು ಮುಟ್ಟಿ ನೋಡಿದಳು.